ಸೌರ ಬಿರುಗಾಳಿ ತೆಂಗಿಗೆ ತಾಗುತ್ತದೆಯೇ?

ಪ್ರಶ್ನೆ: ಸೂರ್ಯನಿಂದ ಸಿಡಿಯುವ ಕಣಗಳು ನಮ್ಮ ತೆಂಗಿನ ಸುಳಿಗೆ ತೊಂದರೆ ಮಾಡುತ್ತವೆಯೇ?
– ಓದುಗರು, ಶೆಟ್ಟಿಕೆರೆ

ಉತ್ತರ: ಇಲ್ಲ. ಸುಳಿ ಬಾಡಿದ್ದರೆ ಕಾರಣವನ್ನು ತೋಟದಲ್ಲೇ ಹುಡುಕಿ. ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ನುಗ್ಗಿಬರುವ ಈ ಕಣಗಳ ಹರಿವಿನ (ಪ್ಲಾಸ್ಮಾ) ಬಹುಪಾಲನ್ನು ಭೂಮಿಯ ಕಾಂತಗೋಳ ಪಕ್ಕಕ್ಕೆ ತಿರುಗಿಸುತ್ತದೆ. ನುಸುಳಿದ ಕಣಗಳು ಕಾಂತರೇಖೆ ಹಿಡಿದು ಧ್ರುವಗಳತ್ತ ಸಾಗಿ, ನೂರಾರು ಕಿ.ಮೀ. ಎತ್ತರದ ತೆಳುಗಾಳಿಗೆ ಬಡಿದು ಬೆಳಗುತ್ತವೆ. ದಕ್ಷಿಣ ಭಾರತದ ಮೇಲಂತೂ ಆ ರೇಖೆಗಳು ಬಹುತೇಕ ನೆಲಕ್ಕೆ ಸಮಾನಾಂತರ. ಅವನ್ನು ಅಡ್ಡ ದಾಟಿ ಕೆಳಗಿಳಿಯುವುದು ಕಣಗಳಿಗೆ ಬಲು ಕಷ್ಟ. 2024ರ ಮೇ ತಿಂಗಳ ಭಾರಿ ಬಿರುಗಾಳಿಯ ಕೆಂಬೆಳಕು ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಕ್ಕೆ ಸಿಕ್ಕಿತು. ಸೂರ್ಯನ ಅಧ್ಯಯನಕ್ಕೆ ಹೊರಟ ಭಾರತದ ನೌಕೆ ಆದಿತ್ಯ-ಎಲ್1ರ ‘ಸ್ಟೆಪ್ಸ್’ ಉಪಕರಣ 2023ರ ಸೆಪ್ಟೆಂಬರಿನಲ್ಲೇ, ಭೂಮಿಯಿಂದ 50,000 ಕಿ.ಮೀ. ಆಚೆ, ಇಂಥ ಕಣಗಳನ್ನು ಅಳೆಯತೊಡಗಿತ್ತು. ಬಿರುಗಾಳಿಯ ದಿನ ಏರುಪೇರಾಗಬಹುದಾದದ್ದು ಉಪಗ್ರಹಗಳು, ರೇಡಿಯೊ ಸಂಪರ್ಕ, ನಿಮ್ಮ ಫೋನಿನ ಜಿಪಿಎಸ್.