ಹಿತ್ತಲಿನಿಂದ ಒಳಮನೆಗೆ

ಆರ್.ಟಿ. ನಗರದ ಹಳೆಯ ಮನೆಗಳಲ್ಲಿ, ಮೊಣಕಾಲು ನೋವಿನ ಹಿರಿಯರ ಸೌಕರ್ಯಾರ್ಥವಾಗಿ, ನೆಲದಲ್ಲಿ ಹುದುಗಿದ ಇಂಡಿಯನ್ ಕಮೋಡನ್ನು ಕೀಳಿಸಿ ವೆಸ್ಟರ್ನ್ ಕೂರಿಸುವುದು ಎರಡು ಮೂರು ದಿನಗಳ ಕೆಲಸವೆಂದು ಪ್ಲಂಬರು ನಿರಾಯಾಸವಾಗಿ ನುಡಿಯುವನಾದರೂ, ಈ ಪಿಂಗಾಣಿಯ ಪೀಠವು ಹಿತ್ತಲನ್ನು ದಾಟಿ ಮಲಗುವ ಕೋಣೆಯ ಮಗ್ಗುಲಿಗೆ ಬಂದು ನೆಲೆಗೊಳ್ಳುವುದಕ್ಕೆ ಹಿಡಿದ ಕಾಲವು ಹೆಚ್ಚುಕಡಮೆ ಒಂದು ಶತಮಾನ.

1898ರಲ್ಲಿ ಪ್ಲೇಗು ಮಹಾಮಾರಿಯು ಬೆಂಗಳೂರನ್ನು ಹೊಕ್ಕು ಇಕ್ಕಟ್ಟಿನ ಪೇಟೆಯನ್ನು ತಲ್ಲಣಗೊಳಿಸಿದ ತರುವಾಯ, ಯಶವಂತಪುರದ ನೆರೆಯ ಮಲ್ಲೇಶ್ವರವನ್ನು ವಿಶಾಲವಾಗಿ ರೂಪಿಸಿದವರು ಮನೆಗಳ ಬೆನ್ನಿಗೆ ಕಾನ್ಸರ್ವೆನ್ಸಿ ಗಲ್ಲಿಗಳನ್ನು ಬಿಟ್ಟರು. ಕಕ್ಕಸು ಹಿತ್ತಲಿನ ಕೊನೆಗೆ; ಅದನ್ನು ಬಳಿಯುವವನು ಗಲ್ಲಿಯಿಂದಲೇ ಬಂದು ಗಲ್ಲಿಯಿಂದಲೇ ಹೋಗತಕ್ಕದ್ದು. ನೈರ್ಮಲ್ಯದ ಹೆಸರಿನ ಆ ನಕ್ಷೆಯಲ್ಲಿ ಅಸ್ಪೃಶ್ಯತೆಗೂ ಅಳತೆಮಾಡಿ ಜಾಗ ಕೊಟ್ಟಿದ್ದರೆಂದು ಹೇಳದೆ ಮುಂದೆ ಹೋಗಲಾರೆ. ಮಲವನ್ನು ತಲೆಯ ಮೇಲೆ ಹೊರಿಸುವ ಪದ್ಧತಿಯು ಈ ರಾಜ್ಯದಲ್ಲಿ ನಿಷಿದ್ಧವಾದುದು ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರ ಹಟದಿಂದ.

ಕಕ್ಕಸನ್ನು ಒಳಗೆ ಕರೆತಂದುದು ನೀರು. ಶೇಷಾದ್ರಿ ಅಯ್ಯರರ ದಿವಾನಗಿರಿಯಲ್ಲಿ, 1890ರ ದಶಕದಲ್ಲಿ, ಯಲಹಂಕಕ್ಕೆ ಪಶ್ಚಿಮದ ಹೆಸರಘಟ್ಟದಿಂದ ಅರ್ಕಾವತಿಯು ಕೊಳಾಯಿಗಿಳಿದು ಬಂದಳು. 1974ರಲ್ಲಿ ಕಾವೇರಿ ಬಂದಳು. ಒಳಚರಂಡಿ ಮಾತ್ರ ಹಿಂದೆ ಹಿಂದೆಯೇ ಉಳಿದು, ಹೊರವಲಯದ ಎಷ್ಟೋ ಬಡಾವಣೆಗಳಲ್ಲಿ ಮನೆ ಮೊದಲು, ಚರಂಡಿ ಆಮೇಲೆ ಎಂಬಂತಾಗಿ, ನಡುವಣ ವರ್ಷಗಳ ಭಾರವನ್ನು ಇಂಗುಗುಂಡಿಗಳೇ ಹೊತ್ತವು.

ಆದರೆ ನೀರೊಂದೇ ಸಾಲದು, ದುರ್ಗಂಧವನ್ನು ತಡೆಯಬೇಕು. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗನು ಪೇಟೆಂಟ್ ಪಡೆದ ಬಾಗುಕೊಳವೆಯು, ತನ್ನ ಬಾಗಿನಲ್ಲಿ ಸದಾ ನಿಲ್ಲುವ ಒಂದಿಷ್ಟು ನೀರಿನಿಂದ ಮೋರಿಯ ಗಾಳಿಯನ್ನು ಅತ್ತಲೇ ತಡೆಯುತ್ತದೆ. ನಮ್ಮ ಪ್ಲಂಬರು ‘ಟ್ರ್ಯಾಪ್’ ಎನ್ನುವುದು ಇದನ್ನೇ. ಇಂಡಿಯನ್ನಿಗೆ ಅದು ನೆಲದೊಳಗೆ ಹೂತಿರುವುದು, ವೆಸ್ಟರ್ನಿಗೆ ಪಿಂಗಾಣಿಯೊಳಗೇ ಅಡಗಿರುವುದು. ಆದಕಾರಣ ಹಳೆಯದನ್ನು ಅಗೆದು ತೆಗೆಯದೆ ಹೊಸದನ್ನು ಕೂರಿಸಿದರೆ ಎರಡು ಟ್ರ್ಯಾಪುಗಳ ನಡುವೆ ಗಾಳಿ ಸಿಕ್ಕಿ ಫ್ಲಶ್ ತಡವರಿಸುವುದು. ಪೈಪಿನ ಬಾಯಿಗೂ ಗೋಡೆಗೂ ಇರುವ ಅಂತರವನ್ನು ಟೈಲ್ಸಿನ ಮುಖದಿಂದ ಅಳೆಯಬೇಕೇ ಹೊರತು ಇಟ್ಟಿಗೆಯಿಂದಲ್ಲ. ಅಗೆದ ನೆಲಕ್ಕೆ ನೀರು ಜಿನುಗದಂತೆ ಲೇಪ ಹಚ್ಚುವುದನ್ನು ಅವಸರದಲ್ಲಿ ಬಿಟ್ಟರೆ ಕೆಳಗಿನ ಮನೆಯ ತಾರಸಿಯೇ ದೂರು ಹೇಳುವುದು. ಬುಡದ ಸುತ್ತ ಬಿಳಿ ಸಿಮೆಂಟು ಬಳಿಯುವ ಮುನ್ನ ನಾಲ್ಕಾರು ಬಕೆಟ್ ನೀರು ಸುರಿದು ನೋಡುವುದು ಲೇಸು. ಅದು ಬಿಗಿಯುವವರೆಗೆ ಮನೆಮಂದಿಗೆಲ್ಲ ಮಹಡಿಯ ಬಾಡಿಗೆಯವರ ಔದಾರ್ಯವೇ ಗತಿ.