ಹಿಮದ ನಾಡಿನಲ್ಲಿ ಕುದುರೆಗೆ ನೀರು

ಪ್ರಾಣಿಗಳಿಗೆ ನೀರಿನ ಸಂಕಟ ಒದಗುವುದು ಬೇಸಗೆಯಲ್ಲಿ ಎಂಬುದು ಕನ್ನಡ ನಾಡಿನವರ ಅನುಭವ. ಕೆರೆ ಬತ್ತುತ್ತದೆ, ಬಾವಿಯ ಹಗ್ಗ ಉದ್ದವಾಗುತ್ತದೆ, ದನಕರುಗಳು ನಾಲಗೆ ಚಾಚಿ ನೆರಳನ್ನು ಅರಸುತ್ತವೆ. ಆದರೆ ಅಮೆರಿಕಾದ ಉತ್ತರ ಸಂಸ್ಥಾನಗಳಲ್ಲಿ ಕುದುರೆ ಸಾಕುವವರಿಗೆ ನೀರಿನ ಚಿಂತೆ ಹತ್ತುವುದು ಚಳಿಗಾಲದಲ್ಲಿ. ಅಲ್ಲಿ ನೀರು ಬತ್ತಿಹೋಗುವುದಿಲ್ಲ. ಕಣ್ಣೆದುರಿಗೇ ಕಲ್ಲಾಗಿ ನಿಲ್ಲುತ್ತದೆ. ತೊಟ್ಟಿ ತುಂಬಿದ್ದರೂ ಕುದುರೆ ಬಾಯಾರಿ ಸಂಕಟಪಡುವ ವಿಚಿತ್ರ ಸನ್ನಿವೇಶ ಅದು.

ಕೆನಡಾದ ಗಡಿಗೆ ತಾಗಿಕೊಂಡಿರುವ ಮಿನ್ನೆಸೋಟ ಸಂಸ್ಥಾನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅಲ್ಲಿನ ಟವರ್ ಎಂಬ ಸಣ್ಣ ಊರಿನ ಬಳಿ ೧೯೯೬ನೆಯ ಇಸವಿ ಫೆಬ್ರವರಿ ೨ರಂದು ಉಷ್ಣಮಾಪಕ ಸೊನ್ನೆಗಿಂತ ೫೧ ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿನ ಚಳಿಯನ್ನು ದಾಖಲಿಸಿತು. ಆ ಸಂಸ್ಥಾನದಲ್ಲಿ ಅಳೆಯಲ್ಪಟ್ಟ ಚಳಿಗಳಲ್ಲೆಲ್ಲ ಅದೇ ಮಿಗಿಲು. ಅಷ್ಟಿಲ್ಲದಿದ್ದರೂ, ಜನವರಿಯ ರಾತ್ರಿ ಸೊನ್ನೆಗಿಂತ ೨೦ ಡಿಗ್ರಿ ಕೆಳಗಿಳಿಯುವುದು ಉತ್ತರ ಭಾಗದವರಿಗೆ ಹೊಸತಲ್ಲ. ಇಂಥ ರಾತ್ರಿ ಬಯಲಿನಲ್ಲಿಟ್ಟ ಬಕೀಟಿನ ನೀರನ್ನು ಬೆಳಗ್ಗೆ ಕುದುರೆ ಕುಡಿಯುವುದಂತಿರಲಿ, ಅದನ್ನು ಒಡೆಯುವುದಕ್ಕೇ ಕೊಡಲಿ ಬೇಕಾಗುತ್ತದೆ.

ಚಳಿಗಿಂತ ಬಾಯಾರಿಕೆಯ ಭಯ

ಕುದುರೆ ಚಳಿಗೆ ಸುಲಭವಾಗಿ ಸೋಲುವ ಪ್ರಾಣಿಯಲ್ಲ. ಶರತ್ಕಾಲ ಕಾಲಿಡುತ್ತಲೇ ಅದರ ಮೈಮೇಲೆ ದಟ್ಟವಾದ ಕೂದಲು ಹುಟ್ಟುತ್ತದೆ. ಗಾಳಿಗೆ ಒಂದು ಮರೆ, ಒದ್ದೆಯಾಗದ ಮೈ, ಹೊಟ್ಟೆ ತುಂಬ ಮೇವು — ಇಷ್ಟಿದ್ದರೆ ಅದು ಹಿಮದ ನಡುವೆಯೂ ನೆಮ್ಮದಿಯಿಂದ ನಿಂತಿರಬಲ್ಲದು. ನಾರಿನ ಮೇವು ಅದರ ದೊಡ್ಡಕರುಳಿನಲ್ಲಿ ಹುದುಗು ಬರುವಾಗ ಶಾಖ ಹುಟ್ಟುತ್ತದೆ. ಆ ಶಾಖವೇ ಕುದುರೆಯ ಒಡಲೊಳಗಿನ ಒಲೆ.

ಆದರೆ ಈ ಒಲೆ ಉರಿಯಬೇಕಾದರೆ ನೀರು ಬೇಕು. ಬೇಸಗೆಯ ಹಸಿ ಹುಲ್ಲಿನಲ್ಲಿ ನೂರಕ್ಕೆ ೬೦ರಿಂದ ೮೦ ಭಾಗ ನೀರೇ ಇರುತ್ತದೆ. ಮೇಯುವಾಗಲೇ ಕುದುರೆ ಅರ್ಧ ಬಾಯಾರಿಕೆಯನ್ನು ತೀರಿಸಿಕೊಂಡಿರುತ್ತದೆ. ಚಳಿಗಾಲದ ಒಣಹುಲ್ಲಿನಲ್ಲಿ ಇರುವುದು ನೂರಕ್ಕೆ ೧೫ ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ ಸುಮಾರು ೪೫೦ ಕಿಲೋಗ್ರಾಂ ತೂಕದ ಕುದುರೆಗೆ ಚಳಿಗಾಲದಲ್ಲಿಯೂ ದಿನಕ್ಕೆ ೩೮ರಿಂದ ೪೫ ಲೀಟರಿನಷ್ಟು ನೀರು ಬೇಕೆಂದು ಮಿನ್ನೆಸೋಟ ವಿಶ್ವವಿದ್ಯಾಲಯದ ತಜ್ಞರು ಹೇಳುತ್ತಾರೆ. ನೀರು ಕಡಿಮೆಯಾದರೆ ಮೇವು ಸೇರದು; ಮೇವು ಸೇರದಿದ್ದರೆ ಮೈಯ ಶಾಖ ತಗ್ಗುವುದು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನೀರಿನ ಪಸೆಯಿಲ್ಲದ ಮೇವು ದೊಡ್ಡಕರುಳಿನ ಇಕ್ಕಟ್ಟಾದ ತಿರುವಿನಲ್ಲಿ ಮುದ್ದೆಗಟ್ಟಿ ನಿಂತುಬಿಡುತ್ತದೆ. ವಾಂತಿ ಮಾಡಿ ಹಗುರಾಗುವ ಭಾಗ್ಯವನ್ನು ಪ್ರಕೃತಿ ಕುದುರೆಗೆ ಕೊಟ್ಟಿಲ್ಲ. ನೆಲಕ್ಕೆ ಬಿದ್ದು ಹೊರಳಾಡಿಸುವ ಆ ಹೊಟ್ಟೆಶೂಲೆಗೆ ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಕುತ್ತು.

ಸುತ್ತಲೂ ಹಿಮ ಬಿದ್ದಿರುವಾಗ ಅದನ್ನೇ ತಿನ್ನಬಾರದೇಕೆ ಎಂಬ ಪ್ರಶ್ನೆ ಸಹಜ. ಕುದುರೆಗಳು ಹಿಮವನ್ನು ನೆಕ್ಕುವುದುಂಟು. ಆದರೆ ಹಗುರವಾದ ಹಿಮ ಹತ್ತು ಪಾತ್ರೆಯಷ್ಟು ಕರಗಿದರೆ ಸಿಗುವುದು ಸುಮಾರು ಒಂದು ಪಾತ್ರೆ ನೀರು. ಅದನ್ನು ಕರಗಿಸಲು ಮೈಯ ಶಾಖವನ್ನೇ ತೆರಬೇಕು. ಒಂದು ಗ್ರಾಂ ಮಂಜುಗಡ್ಡೆಯನ್ನು ಬರಿದೇ ನೀರಾಗಿಸುವುದಕ್ಕೆ ಹಿಡಿಯುವ ಶಾಖದಿಂದ ಅದೇ ನೀರನ್ನು ಸೊನ್ನೆಯಿಂದ ೮೦ ಡಿಗ್ರಿಯವರೆಗೆ ಕಾಯಿಸಬಹುದು! ಚಳಿಯಲ್ಲಿ ನಿಂತ ಪ್ರಾಣಿಗೆ ಇದು ನಷ್ಟದ ವ್ಯಾಪಾರ.

ನೀರು ಹೆಪ್ಪುಗಟ್ಟದಿದ್ದರೆ ಸಾಕೆ? ಅದೂ ಸಾಲದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ವಿದ್ವಾಂಸರು ೧೯೯೪ರಲ್ಲಿ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಚಳಿಗಾಲದಲ್ಲಿ ಹೆಪ್ಪುಗಟ್ಟುವುದಕ್ಕೆ ಹತ್ತಿರವಾದ ತಣ್ಣೀರನ್ನು ಕುಡಿದುದಕ್ಕಿಂತ, ಬೆಚ್ಚಗಾಗಿಸಿದ ನೀರನ್ನು ಗಿಡ್ಡ ತಳಿಯ ಕುದುರೆಗಳು ನೂರಕ್ಕೆ ಸುಮಾರು ೪೦ರಷ್ಟು ಹೆಚ್ಚಾಗಿ ಕುಡಿದುವು. ತೊಟ್ಟಿಯ ನೀರು ೭ರಿಂದ ೧೮ ಡಿಗ್ರಿಗಳ ನಡುವೆ ಇರುವುದು ಲೇಸೆಂದು ಸಾಕಣೆಗಾರರಿಗೆ ಸಲಹೆ ಕೊಡುವುದು ಇಂಥ ಕಾರಣಗಳಿಂದಲೇ.

ಭೂಮಿಯ ಬೆಚ್ಚನೆಯ ಒಡಲು

ಹಿಂದಿನವರು ಈ ಸಂಕಟಕ್ಕೆ ಕಂಡುಕೊಂಡಿದ್ದ ಪರಿಹಾರ ಎರಡೇ: ಕೊಡಲಿ ಮತ್ತು ಬೆಂಕಿ. ಸೌದೆ, ಕಲ್ಲಿದ್ದಲು ಅಥವಾ ಜೋಳದ ದಿಂಡನ್ನು ಉರಿಸುವ ಕಬ್ಬಿಣದ ಒಲೆಯನ್ನು ತೊಟ್ಟಿಯೊಳಕ್ಕೇ ಇಳಿಸಿ ನೀರನ್ನು ಕಾಯಿಸುತ್ತಿದ್ದರು. ೧೯೩೫ರಲ್ಲಿ ಅಮೆರಿಕಾ ಸರ್ಕಾರ ಹಳ್ಳಿಗಳ ವಿದ್ಯುದೀಕರಣಕ್ಕೆಂದು ಪ್ರತ್ಯೇಕ ಆಡಳಿತವನ್ನು ಸ್ಥಾಪಿಸಿದ ಮೇಲೆ ಹೊಲಮನೆಗಳಿಗೆ ತಂತಿ ಬಂತು. ಕ್ರಮೇಣ ಒಲೆಯ ಜಾಗದಲ್ಲಿ ವಿದ್ಯುತ್ತಿನ ಕಾವು ನೆಲೆಗೊಂಡಿತು.

ಇಂದಿನ ಹೆಪ್ಪುಗಟ್ಟದ ಸ್ವಯಂಚಾಲಿತ ತೊಟ್ಟಿಗಳಲ್ಲಿ ಎರಡು ಬಗೆ. ಒಂದು ವಿದ್ಯುತ್ತಿನ ಕಾವಿನದು. ಇನ್ನೊಂದಕ್ಕೆ ವಿದ್ಯುತ್ತೂ ಬೇಡ, ಸೌದೆಯೂ ಬೇಡ. ಭೂಮಿಯೊಳಗಿನ ಶಾಖವೇ ಸಾಕು. ಚಳಿಗಾಲದಲ್ಲಿ ನೆಲ ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತ ಹೋಗುತ್ತದೆ. ಆದರೆ ಒಂದು ಆಳದಲ್ಲಿ ಆ ಹೆಪ್ಪು ನಿಲ್ಲಲೇಬೇಕು. ಮಿನ್ನೆಸೋಟದ ಕಟ್ಟಡ ನಿಯಮಗಳು ಅಡಿಪಾಯಗಳಿಗಾಗಿ ಈ ಆಳವನ್ನು ದಕ್ಷಿಣ ಭಾಗದಲ್ಲಿ ೪೨ ಅಂಗುಲವೆಂದೂ, ಉತ್ತರ ಭಾಗದಲ್ಲಿ ೬೦ ಅಂಗುಲವೆಂದೂ ಗೊತ್ತುಮಾಡಿವೆ. ಈ ಹೆಪ್ಪಿನ ಗಡಿಯ ಕೆಳಗೆ, ಮೇಲೆ ಎಂಥ ಬಿರುಗಾಳಿ ಬೀಸುತ್ತಿರಲಿ, ಕಳೆದ ಬೇಸಗೆಯ ಬಿಸಿಲು ಇನ್ನೂ ಉಳಿದಿರುತ್ತದೆ.

ಆ ಉಳಿದ ಬಿಸಿಲನ್ನು ಮೇಲಕ್ಕೆ ತರುವುದೇ ಈ ತೊಟ್ಟಿಯ ಗುಟ್ಟು. ಬಾವಿಯಿಂದ ಬರುವ ಕೊಳವೆ ಹೆಪ್ಪಿನ ಗಡಿಗಿಂತ ಕೆಳಗೆ ಹರಿದು ಬರುತ್ತದೆ. ತೊಟ್ಟಿಯ ಅಡಿಯಲ್ಲಿ ಕನಿಷ್ಠ ಒಂದಡಿ ಅಗಲದ ದೊಡ್ಡ ನಿಲುಗೊಳವೆಯೊಂದನ್ನು ಆ ಆಳದವರೆಗೂ ಹೂಳಿರುತ್ತಾರೆ. ಅದರ ತಳ ತೆರೆದೇ ಇರುತ್ತದೆ. ಭೂಮಿಯ ಬೆಚ್ಚನೆಯ ಗಾಳಿ ಅದರೊಳಗಿಂದ ಮೇಲೇರಿ ತೊಟ್ಟಿಯ ತಳವನ್ನು ಸವರುತ್ತದೆ. ನೀರಿನ ಸಣ್ಣ ಕೊಳವೆ ಈ ದೊಡ್ಡ ಕೊಳವೆಯ ನಡುವಿನಲ್ಲಿ, ಯಾವ ಪಕ್ಕಕ್ಕೂ ತಾಗದಂತೆ ನಿಂತಿರಬೇಕು. ತೊಟ್ಟಿಯ ಗೋಡೆಗಳಲ್ಲಿ ಶಾಖ ಸೋರದಂತೆ ತಡೆಯುವ ದಪ್ಪನೆಯ ಪದರವಿರುತ್ತದೆ. ನೀರಿನ ಬಾಯಿಯನ್ನು ತೇಲುವ ಚೆಂಡೊಂದು ಮುಚ್ಚಿರುತ್ತದೆ. ಕುದುರೆ ಮೂತಿಯಿಂದ ಚೆಂಡನ್ನು ಒತ್ತಿ ನೀರು ಕುಡಿಯುತ್ತದೆ. ನೀರಿನ ಮಟ್ಟ ಇಳಿದೊಡನೆ ತೇಲುಗುಂಡು ತಗ್ಗಿ ಕವಾಟ ತೆರೆಯುತ್ತದೆ, ತುಂಬಿದೊಡನೆ ಮುಚ್ಚುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಈ ತೊಟ್ಟಿಗೆ ಶಾಖ ಒದಗುವುದು ನೆಲದಿಂದ ಮಾತ್ರವಲ್ಲ, ಕೆಳಗಿನಿಂದ ಬರುವ ಹೊಸ ನೀರಿನಿಂದಲೂ ಹೌದು. ಹತ್ತು ಕುದುರೆಗಳು ಕುಡಿಯುವ ತೊಟ್ಟಿಗೆ ಹೊಸ ನೀರು ಮತ್ತೆ ಮತ್ತೆ ಬರುತ್ತದೆ. ಒಂದೆರಡು ಕುದುರೆಗಳಷ್ಟೇ ಇದ್ದಲ್ಲಿ ನೀರು ನಿಂತಲ್ಲೇ ನಿಂತು ಹೆಪ್ಪಾಗುವ ಸಂಭವ ಹೆಚ್ಚು. ಅಂಥವರಿಗೆ ವಿದ್ಯುತ್ತಿನ ತೊಟ್ಟಿಯೇ ಕ್ಷೇಮ.

ಶರತ್ಕಾಲದ ಕೆಲಸ

ಇಷ್ಟೆಲ್ಲ ಸಿದ್ಧತೆ ನೆಲ ಮೆತ್ತಗಿರುವಾಗಲೇ ಆಗಬೇಕು. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಅಗೆಯದ ಕಂದಕವನ್ನು ಜನವರಿಯಲ್ಲಿ ಅಗೆಯುವುದು ಕಲ್ಲುಬಂಡೆಯನ್ನು ಕೊರೆದಂತೆಯೇ ಸರಿ. ಹೆಪ್ಪುಗಟ್ಟುವ ಚಳಿಯಲ್ಲಿ ಹಾಕಿದ ಕಾಂಕ್ರೀಟು ಸರಿಯಾಗಿ ಬಲಿಯುವುದೂ ಇಲ್ಲ.

ಮೊದಲು ಜಾಗದ ಆಯ್ಕೆ. ಮಳೆನೀರು ನಿಲ್ಲದ ಎತ್ತರದ ನೆಲವಾಗಿರಬೇಕು. ಸೂರಿನ ಹನಿ ಬೀಳುವ ಎಡೆಯಾಗಿರಬಾರದು. ಮೂಲೆಯಲ್ಲಿ ಇಟ್ಟರೆ ಜೋರಿನ ಕುದುರೆ ಸಾಧು ಕುದುರೆಯನ್ನು ಹತ್ತಿರ ಸುಳಿಯಗೊಡದು. ಕಂದಕಕ್ಕೆ ಗುದ್ದಲಿ ಹಾಕುವ ಮುನ್ನ ಅಮೆರಿಕಾದಲ್ಲಿ ಎಲ್ಲರೂ ೮೧೧ ಎಂಬ ದೂರವಾಣಿ ಸಂಖ್ಯೆಗೆ ತಿಳಿಸಬೇಕಾಗುತ್ತದೆ. ನೆಲದಡಿಯ ಅನಿಲದ ಕೊಳವೆ, ವಿದ್ಯುತ್ ತಂತಿಗಳ ಜಾಡನ್ನು ಸಂಬಂಧಪಟ್ಟವರು ಬಂದು ಗುರುತಿಸಿ ಹೋಗುತ್ತಾರೆ. ಐದಡಿ ಆಳದ ಕಂದಕದ ಮಣ್ಣು ಎಚ್ಚರಿಕೆ ಕೊಟ್ಟು ಕುಸಿಯುವುದಿಲ್ಲ. ಆದ್ದರಿಂದ ಅಷ್ಟು ಆಳಕ್ಕೆ ಹೋದಲ್ಲಿ ಪಕ್ಕಗಳಿಗೆ ಆಸರೆ ಕೊಡದೆ ಕೂಲಿಗಾರರನ್ನು ಇಳಿಸಬಾರದೆಂದು ಅಲ್ಲಿನ ಕಾರ್ಮಿಕ ಸುರಕ್ಷತೆಯ ಕಟ್ಟಳೆಯಿದೆ.

ಹೆಪ್ಪಿನ ಗಡಿಯ ಲೆಕ್ಕದಲ್ಲಿಯೂ ಮೋಸಹೋಗುವುದುಂಟು. ಬಿದ್ದ ಹಿಮ ನೆಲಕ್ಕೆ ಹೊದಿಸಿದ ಕಂಬಳಿ. ಕುದುರೆಗಳ ಗೊರಸಿನಿಂದ ತುಳಿದು ಗಟ್ಟಿಯಾದ ಅಂಗಳದಲ್ಲಿಯೂ, ಹಿಮವನ್ನು ಗುಡಿಸಿ ತೆಗೆದ ಗಾಡಿದಾರಿಯಲ್ಲಿಯೂ ಆ ಕಂಬಳಿ ಇಲ್ಲದ್ದರಿಂದ ಚಳಿ ಇನ್ನೂ ಆಳಕ್ಕೆ ಇಳಿಯುತ್ತದೆ. ಅಂಥ ಕಡೆ ಕೊಳವೆಯನ್ನು ಮತ್ತಷ್ಟು ಕೆಳಗೆ ಹೂಳುವುದು ವಿವೇಕ.

ಕೊಳವೆ ಜೋಡಿಸಿದೊಡನೆ ಮಣ್ಣು ಮುಚ್ಚುವ ಆತುರ ಸಲ್ಲದು. ಕಂದಕ ತೆರೆದಿರುವಾಗಲೇ ನೀರು ಬಿಟ್ಟು ಪ್ರತಿಯೊಂದು ಕೂಡಿಕೆಯನ್ನೂ ನೋಡಬೇಕು. ಇಂದು ಒಸರುವ ಒಂದು ಹನಿ, ಚಳಿಗಾಲದ ನಡುವೆ ಎದೆಯೆತ್ತರ ಗಟ್ಟಿನೆಲದ ಕೆಳಗಿನ ರೋಗವಾದೀತು. ತೊಟ್ಟಿಯನ್ನು ಜಾರದಂಥ ಒರಟು ಕಾಂಕ್ರೀಟು ಹಾಸಿನ ಮೇಲೆ ಭದ್ರವಾಗಿ ಕೂರಿಸಿ, ಅಡಿಯ ಸಂದನ್ನು ಗಾಳಿ ನುಸುಳದಂತೆ ಮುಚ್ಚಬೇಕು. ಬೆರಳು ತೂರದ ಬಿರುಕಿನಿಂದಲೂ ತೂರಿಬರುವ ಥಂಡಿಗಾಳಿ ಒಳಗಿನ ಕೊಳವೆಯನ್ನು ಹೆಪ್ಪುಗಟ್ಟಿಸಬಲ್ಲದು.

ಕುದುರೆಯ ಅನುಮಾನ

ತೊಟ್ಟಿ ಸಿದ್ಧವಾದ ಮಾತ್ರಕ್ಕೆ ಕುದುರೆ ಒಪ್ಪಿತೆಂದಲ್ಲ. ಕುದುರೆ ಹುಟ್ಟಾ ಸಂಶಯಪ್ರಾಣಿ. ನೀರು ನುಗ್ಗುವ ಸದ್ದಿಗೆ ಅದು ಬೆಚ್ಚುತ್ತದೆ. ಚೆಂಡಿನ ಕೆಳಗೆ ನೀರಿದೆಯೆಂಬುದು ಅದಕ್ಕೆ ಹೊಳೆಯುವುದಿಲ್ಲ. ಅನುಭವಸ್ಥರು ಮೊದಲ ಕೆಲವು ದಿನ ಚೆಂಡನ್ನು ತೆಗೆದಿಟ್ಟು ನೀರು ಕಾಣುವಂತೆ ಮಾಡುತ್ತಾರೆ. ಎಲ್ಲ ಕುದುರೆಗಳೂ ಹೊಸ ತೊಟ್ಟಿಗೆ ಒಗ್ಗುವವರೆಗೆ ಹಳೆಯದನ್ನೂ ಪಕ್ಕದಲ್ಲಿಯೇ ಇರಿಸುತ್ತಾರೆ. ಈ ಪಾಠವೂ ಚಳಿ ಬರುವುದಕ್ಕೆ ಮುಂಚೆಯೇ ಮುಗಿಯಬೇಕು.

ಒಗ್ಗಿಕೊಂಡಿದ್ದ ಕುದುರೆ ಒಂದು ದಿನ ತೊಟ್ಟಿಯ ಬಳಿ ಬಂದು ಮೂತಿ ತಾಗಿಸಿ ಹಿಂಜರಿದರೆ ಅದನ್ನು ಹಟವೆಂದು ಬಗೆಯಬಾರದು. ವಿದ್ಯುತ್ತಿನ ತೊಟ್ಟಿಯಲ್ಲಿ ಅರ್ತ್ ತಂತಿ ಕೆಟ್ಟಿದ್ದರೆ ಸಣ್ಣ ಪ್ರಮಾಣದ ವಿದ್ಯುತ್ತು ನೀರಿಗೆ ಸೋರಬಹುದು. ಮನುಷ್ಯನ ಕೈಗೆ ತಿಳಿಯದಷ್ಟು ಸಣ್ಣ ಆಘಾತವೂ ಕುದುರೆಯ ಒದ್ದೆ ಮೂತಿಗೆ ತಿಳಿಯುತ್ತದೆ. ತಂತಿ ಜೋಡಣೆಯನ್ನು ನುರಿತವರಿಂದಲೇ ಮಾಡಿಸಬೇಕೆಂಬುದು ಇದಕ್ಕಾಗಿ.

ಯಂತ್ರ ಕಾಣದ್ದು

ಬಕೀಟು ಹೊತ್ತು ನೀರುಣಿಸುವುದು ಕಷ್ಟದ ಕೆಲಸವೇ ಹೌದು. ಆದರೆ ಆ ಕಷ್ಟದಲ್ಲಿ ಒಂದು ಲಾಭವಿತ್ತು. ಯಾವ ಕುದುರೆ ಎಷ್ಟು ಕುಡಿಯಿತು, ಯಾವುದು ಅರ್ಧಕ್ಕೇ ಮುಖ ತಿರುಗಿಸಿತು ಎಂಬುದನ್ನು ಬಕೀಟು ದಿನವೂ ಹೇಳುತ್ತಿತ್ತು. ತಾನೇ ತುಂಬಿಕೊಳ್ಳುವ ತೊಟ್ಟಿ ಈ ಸುದ್ದಿಯನ್ನು ಹೇಳುವುದಿಲ್ಲ. ಹತ್ತು ಕುದುರೆಗಳು ಕುಡಿದಾಗಲೂ ಅದು ತುಂಬಿರುತ್ತದೆ. ಒಂದೂ ಕುಡಿಯದಿದ್ದಾಗಲೂ ತುಂಬಿರುತ್ತದೆ. ಎಷ್ಟು ನೀರು ಹರಿಯಿತೆಂದು ತೋರಿಸುವ ಮಾಪಕವನ್ನು ಕೆಲವು ತೊಟ್ಟಿಗಳಿಗೆ ಅಳವಡಿಸಬಹುದು. ಆದರೆ ಅನೇಕ ಕುದುರೆಗಳಿರುವಲ್ಲಿ ಕುಡಿಯದೆ ನಿಂತದ್ದು ಯಾವುದೆಂದು ಅದೂ ತಿಳಿಸಲಾರದು.

ಆದುದರಿಂದ ಬುದ್ಧಿವಂತ ಸಾಕಣೆಗಾರ ತೊಟ್ಟಿ ಕೂರಿಸಿದ ಮೇಲೂ ದಿನವೂ ಬೆಳಗ್ಗೆ ಅದರ ಬಳಿಗೆ ಹೋಗುತ್ತಾನೆ. ಚೆಂಡನ್ನು ಒತ್ತಿ ನೋಡುತ್ತಾನೆ, ನೀರಿನಲ್ಲಿ ಕೈಯದ್ದುತ್ತಾನೆ, ತಳದಲ್ಲಿ ಕೂತ ಹುಲ್ಲುಕಡ್ಡಿಯನ್ನು ತೆಗೆಯುತ್ತಾನೆ. ಲದ್ದಿ ಒಣಗಿ ಗಟ್ಟಿಯಾಗಿದೆಯೇ, ಮೇವು ಮಿಕ್ಕಿದೆಯೇ, ಮಂದೆಯಿಂದ ದೂರ ನಿಂತು ಮಂಕಾದ ಕುದುರೆ ಇದೆಯೇ ಎಂದು ಗಮನಿಸುತ್ತಾನೆ. ಭೂಮಿ ತನ್ನ ಬೆಚ್ಚನೆಯ ಒಡಲಿನಿಂದ ನೀರನ್ನು ಕಾಯ್ದುಕೊಡುತ್ತದೆ. ಕವಾಟ ಅದನ್ನು ತುಂಬಿಕೊಡುತ್ತದೆ. ಕುದುರೆ ಕುಡಿಯಿತೇ ಎಂದು ನೋಡುವ ಕೆಲಸ ಮಾತ್ರ ಇಂದಿಗೂ ಯಜಮಾನನ ಕಣ್ಣಿನದು.