ಧಕ್ಕೆಯಿಂದ ಬಂದ ಪ್ರಶ್ನೆ: ಬೋಟಿನ ಬ್ಯಾಟರಿಯೂ ಸರಿಯಾದ ಚಾರ್ಜರೂ

ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಮಲ್ಪೆ ಬಂದರಿನ ಹತ್ತಿರದ ಒಂದು ಪ್ರೌಢಶಾಲೆ. ಆಗಸ್ಟ್ ತಿಂಗಳ ಮೊದಲ ವಾರ, ಹತ್ತನೆಯ ತರಗತಿಗೆ ‘ವಿದ್ಯುಚ್ಛಕ್ತಿ’ ಘಟಕದಲ್ಲಿ ವಿದ್ಯುತ್ ಸಾಮರ್ಥ್ಯದ ಪಾಠ. ವಿಭವಾಂತರವನ್ನು ವಿದ್ಯುತ್ ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ಎಂದು ಕಪ್ಪುಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ.

“ಟೀಚರ್, ಮಳೆಗಾಲಕ್ಕೆ ಬೋಟಿನಿಂದ ಇಳಿಸಿದಾಗ ನಮ್ಮ ಬ್ಯಾಟರಿ ಸರಿ ಇತ್ತು. ಎರಡು ತಿಂಗಳು ಯಾರೂ ಮುಟ್ಟಲಿಲ್ಲ. ಈಗ ನೋಡಿದರೆ ಡೆಡ್. ಬಳಸದೆ ಹೇಗೆ ಹಾಳಾಗುತ್ತದೆ?”

“ಹಳೆಯದಾಗಿರಬೇಕು” ಎಂದೆ.

“ಹೋದ ವರ್ಷ ತಂದದ್ದು ಟೀಚರ್.”

ತರಗತಿ ನಕ್ಕಿತು. ನಾನು ಪಾಠ ಮುಂದುವರಿಸಿದೆ. ವೀಕ್ಷಣಾ ಹಾಳೆಯಲ್ಲಿ ಮಾರ್ಗದರ್ಶಕರು ಒಂದೇ ಸಾಲು ಬರೆದಿದ್ದರು: “ಪ್ರಶ್ನೆಗೆ ಉತ್ತರ ಕೊಡಲಿಲ್ಲ, ಪ್ರಶ್ನೆಯನ್ನು ಮುಚ್ಚಿದಿರಿ.” ಆ ಪ್ರಶ್ನೆಯನ್ನು ಮತ್ತೆ ತೆರೆಯಲು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಹುಡುಗನ ಪ್ರಶ್ನೆ ಈ 61 ದಿನಗಳದ್ದೇ. ಆ ಸಂಜೆ ಅವನ ತಂದೆಯವರ ಅನುಮತಿ ಕೇಳಿ, ಮಲ್ಟಿಮೀಟರ್ ಹಿಡಿದು ಅವರ ಮನೆಗೆ ಹೋದೆ. 12 ವೋಲ್ಟಿನ ಆ ಬ್ಯಾಟರಿ 11.4 ತೋರಿಸಿತು. ಚೆನ್ನಾಗಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ ಸೀಸ–ಆಮ್ಲ ಬ್ಯಾಟರಿ ಸುಮಾರು 12.6ರಿಂದ 12.7 ತೋರಿಸಬೇಕು. 12.1ರ ಆಸುಪಾಸು ಎಂದರೆ ಅರ್ಧ ಖಾಲಿ. 11.4 ಎಂದರೆ ಪೂರ್ತಿ ಖಾಲಿ. “ಕೊನೆಯ ಟ್ರಿಪ್ ಮುಗಿಸಿ ಬಂದು ಹಾಗೆಯೇ ಇಳಿಸಿಟ್ಟೆವು” ಎಂದರು ಅವರು. ಉತ್ತರ ಅಲ್ಲೇ ಇತ್ತು.

ಬ್ಯಾಟರಿಯಿಂದ ವಿದ್ಯುತ್ ತೆಗೆಯುವಾಗ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ; ಸಲ್ಫ್ಯೂರಿಕ್ ಆಮ್ಲ ತೆಳುವಾಗುತ್ತಾ ಹೋಗುತ್ತದೆ. ಚಾರ್ಜ್ ಮಾಡಿದರೆ ಇದೇ ಕ್ರಿಯೆ ಹಿಂದಕ್ಕೆ ನಡೆಯುತ್ತದೆ. ಆದರೆ ಚಾರ್ಜ್ ಮಾಡದೆ ವಾರಗಟ್ಟಲೆ ಬಿಟ್ಟರೆ ಸಣ್ಣ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ. ಮಳೆಗಾಲದಲ್ಲಿ ಡಬ್ಬದ ಉಪ್ಪು ಹೆಂಟೆಯಾಗುವುದನ್ನು ನೆನಪಿಸಿದಾಗ ಮಕ್ಕಳಿಗೆ ಇದು ಬೇಗ ಹಿಡಿಯಿತು. ಗಟ್ಟಿಯಾದ ಸಲ್ಫೇಟ್ ಸುಲಭವಾಗಿ ಕರಗುವುದಿಲ್ಲ. ಅಷ್ಟು ಭಾಗ ಫಲಕ ಕೆಲಸಕ್ಕೆ ಬಾರದು. ಸುಮ್ಮನಿಟ್ಟ ಬ್ಯಾಟರಿ ತಾನಾಗಿಯೂ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತದೆ, ಸೆಕೆಗೆ ಇನ್ನೂ ಬೇಗ. ಹಾಗಾಗಿ ಬ್ಯಾಟರಿ ಕೆಟ್ಟದ್ದು ಖಾಲಿಯಾಗಿ ಕುಳಿತದ್ದರಿಂದ; ಬಳಸದೇ ಇದ್ದದ್ದು ಮಾತ್ರ ಕಾರಣವಲ್ಲ.

ಮುಂದಿನ ಪಾಠದಲ್ಲಿ ಬ್ಯಾಟರಿಯ ಬಗೆಯಿಂದ ಆರಂಭಿಸಿದೆ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯಲ್ಲಿ ತೆಳು ಫಲಕಗಳು ಹೆಚ್ಚು. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಡುವುದು ಅದರ ಕೆಲಸ. ದೀಪ, ಜಿಪಿಎಸ್, ಮೀನು ಹುಡುಕುವ ಯಂತ್ರ, ವೈರ್‌ಲೆಸ್‌ಗಳಿಗೆ ಗಂಟೆಗಟ್ಟಲೆ ಸ್ವಲ್ಪಸ್ವಲ್ಪ ಕೊಡಲು ದಪ್ಪ ಫಲಕದ ಡೀಪ್ ಸೈಕಲ್ ಬ್ಯಾಟರಿ ಬೇಕು. ಸ್ಟಾರ್ಟಿಂಗ್ ಬ್ಯಾಟರಿಯನ್ನು ಈ ಕೆಲಸಕ್ಕೆ ಹಚ್ಚಿ ಮತ್ತೆ ಮತ್ತೆ ಬರಿದು ಮಾಡಿದರೆ ಬೇಗ ಸೋಲುತ್ತದೆ.

ನಂತರ ಲೆಕ್ಕ. ಎಂಜಿನ್ ನಿಲ್ಲಿಸಿ ಲಂಗರು ಹಾಕಿದ ರಾತ್ರಿ ಎಲ್ಲ ಸೇರಿ 60 ವಾಟ್ ಬೇಕೆನ್ನೋಣ. 60ನ್ನು 12ರಿಂದ ಭಾಗಿಸಿದರೆ 5 ಆಂಪಿಯರ್. ಹತ್ತು ಗಂಟೆಗೆ 50 ಆಂಪಿಯರ್-ಗಂಟೆ. ಸೀಸ–ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಇಳಿಸದಿದ್ದರೆ ಬಾಳಿಕೆ ಹೆಚ್ಚು. ಆದ್ದರಿಂದ ಕನಿಷ್ಠ 100 ಆಂಪಿಯರ್-ಗಂಟೆಯದು ಬೇಕು. ಈ ಲೆಕ್ಕ ಮೊದಲು ಮುಗಿಸಿದವನು ಆ ಹುಡುಗನೇ.

ಚಾರ್ಜರ್ ಆರಿಸಲು ಮೂರು ಪ್ರಶ್ನೆ ಸಾಕು.

ಒಂದು, ಬ್ಯಾಟರಿ ಯಾವ ಜಾತಿಯದು? ನೀರು ಹಾಕುವ ಬ್ಯಾಟರಿ, ಜೆಲ್, ಎಜಿಎಂ, ಲಿಥಿಯಂ, ಒಂದೊಂದಕ್ಕೂ ಬೇಕಾದ ವೋಲ್ಟೇಜ್ ಬೇರೆ. ಜೆಲ್‌ಗೆ ಹೆಚ್ಚು ವೋಲ್ಟೇಜ್ ಹಾನಿ ಮಾಡುತ್ತದೆ. ಲಿಥಿಯಂಗೆ ಅದರದೇ ಚಾರ್ಜರ್ ಬೇಕು.

ಎರಡು, ಎಷ್ಟು ಆಂಪಿಯರ್? ನೀರು ಹಾಕುವ ಬ್ಯಾಟರಿಗೆ ಅದರ ಆಂಪಿಯರ್-ಗಂಟೆಯ ಹತ್ತನೇ ಒಂದು ಭಾಗ ಸುರಕ್ಷಿತ ಅಳತೆ: 100ಕ್ಕೆ 10 ಆಂಪಿಯರ್. 50 ಆಂಪಿಯರ್-ಗಂಟೆ ತುಂಬಲು ಲೆಕ್ಕದಲ್ಲಿ 5 ಗಂಟೆ, ವಾಸ್ತವದಲ್ಲಿ 7–8 ಗಂಟೆ. ಕೊನೆಗೊನೆಗೆ ಬ್ಯಾಟರಿ ಕಡಿಮೆ ಪ್ರವಾಹ ಎಳೆಯುತ್ತದೆ, ಸ್ವಲ್ಪ ಶಕ್ತಿ ನಷ್ಟವೂ ಆಗುತ್ತದೆ.

ಮೂರು, ತುಂಬಿದ ಮೇಲೆ ಚಾರ್ಜರ್ ತಾನಾಗಿ ತಗ್ಗುತ್ತದೆಯೇ? ಒಳ್ಳೆಯ ಚಾರ್ಜರ್ ಮೊದಲು ಪೂರ್ಣ ಪ್ರವಾಹ ಕೊಟ್ಟು, ಬಳಿಕ ವೋಲ್ಟೇಜನ್ನು 14.4ರ ಸುತ್ತ ಹಿಡಿದು, ಕೊನೆಗೆ 13.5ರ ಆಸುಪಾಸಿಗೆ ಇಳಿಸಿ ಕಾಯುತ್ತದೆ. ತಗ್ಗದ ಹಳೆಯ ಚಾರ್ಜರ್ ಮರೆತುಹೋದರೆ ನೀರನ್ನು ಕುದಿಸಿದಂತೆ ಖಾಲಿ ಮಾಡುತ್ತದೆ.

ನಿರ್ವಹಣೆಯ ಕ್ರಮವನ್ನು ಗುಂಪು ಚಟುವಟಿಕೆಯಾಗಿ ಮಕ್ಕಳಿಂದಲೇ ಬರೆಸಿದೆ. ಫಲಕಗಳು ಮುಳುಗಿರಬೇಕು, ಉಳಿದ ನೀರನ್ನು ಚಾರ್ಜ್ ಮುಗಿದ ಮೇಲೆ ತುಂಬಬೇಕು. ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ, ಆಮ್ಲವಲ್ಲ, ಬಾವಿ ನೀರೂ ಅಲ್ಲ. ಟರ್ಮಿನಲ್‌ನ ಬೂಷ್ಟನ್ನು ಅಡುಗೆ ಸೋಡಾ ನೀರಿನಿಂದ ಒರೆಸಿ ವ್ಯಾಸಲೀನ್ ಸವರಬೇಕು. ಸೋಡಾ ನೀರು ಒಳಗೆ ಇಳಿಯಬಾರದು. ಸಮುದ್ರದ ನೀರು ಬ್ಯಾಟರಿಯೊಳಗೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರಬಹುದು. ನಿಷೇಧದ ಅವಧಿಗೆ ಮೊದಲು ಪೂರ್ತಿ ಚಾರ್ಜ್ ಮಾಡಿ, ತಂತಿ ಕಳಚಿ, ಒಣ ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ಅಳೆದು, 12.4ಕ್ಕಿಂತ ಇಳಿದಿದ್ದರೆ ಮತ್ತೆ ಚಾರ್ಜ್ ಮಾಡಬೇಕು.

ಸಹಪಾಠಿಗಳಿಗೆ ಒಂದು ಎಚ್ಚರಿಕೆ: ತರಗತಿಯಲ್ಲಿ ವೋಲ್ಟೇಜ್ ಅಳೆದು ತೋರಿಸಿದರೆ ಸಾಕು, ಚಾರ್ಜ್ ಮಾಡುವುದು ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ. 4 ಆದರೆ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಮುಚ್ಚಿದ ಕೋಣೆ, ಒಲೆಯ ಹತ್ತಿರ ಚಾರ್ಜ್ ಮಾಡಬಾರದು. ಚಾರ್ಜರಿನ ಸ್ವಿಚ್ ಆರಿಸಿದ ಮೇಲೆಯೇ ಕ್ಲಿಪ್ ತೆಗೆಯಬೇಕು. ತರಗತಿಯಲ್ಲಿ ಕೈ ಎತ್ತಿಸಿ ಕೇಳಿದಾಗ ಆರು ಮನೆಗಳಲ್ಲಿ ಅಡುಗೆಕೋಣೆಯಲ್ಲೇ ಚಾರ್ಜ್ ಮಾಡುತ್ತಾರೆಂದು ತಿಳಿಯಿತು. ಆ ದಿನದ ಮನೆಗೆಲಸ ಒಂದೇ: ಅದನ್ನು ಹೊರಗಿನ ಚಾವಡಿಗೆ ತರುವಂತೆ ಮನೆಯಲ್ಲಿ ಹೇಳಿ, ಕಾರಣ ವಿವರಿಸುವುದು.

ಹುಡುಗನ ಮನೆಯ ಬ್ಯಾಟರಿ ಪೂರ್ತಿ ಚೇತರಿಸಲಿಲ್ಲ. ನಿಧಾನವಾಗಿ ಚಾರ್ಜ್ ಮಾಡಿದ ಮೇಲೂ ಮೊದಲಿನ ಅರ್ಧದಷ್ಟು ಹೊತ್ತು ಮಾತ್ರ ದೀಪ ಉರಿಯಿತು. ಅವನ ತಂದೆ ಹೊಸದು ತರಲೇಬೇಕಾಯಿತು. ನನ್ನ ಬೋಧನಾಭ್ಯಾಸದ ಕೊನೆಯ ದಿನ ಹುಡುಗ ತನ್ನ ನೋಟ್‌ಬುಕ್ ತೋರಿಸಿದ. ಕೊನೆಯ ಪುಟದಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದ್ದ: ದಿನಾಂಕ, ವೋಲ್ಟ್, ನೀರು. ಮೊದಲ ಸಾಲು ತುಂಬಿತ್ತು, 12.7.